ಒಂದು ವೋಟು, ಒಂದು ನೋಟು

ಚುನಾವಣೆ ಬಂದಾಗಲೆಲ್ಲ ತೀರ್ಥಹಳ್ಳಿಯ ನನ್ನಜ್ಜಿ ನೆನಪಾಗುತ್ತಾಳೆ. ಶಾಂತವೇರಿ ಗೋಪಾಲಗೌಡರು ವೋಟಿನ ಜೊತೆ ಒಂದು ನೋಟನ್ನೂ ಕೇಳಿದಾಗ, ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಕೊಟ್ಟವಳು ಅವಳು.

1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರ ನಿಂತ ಗೌಡರು 1952ರಲ್ಲಿ ಶಾಸಕರಾದರು. 1957ರಲ್ಲಿ ಸೋತರು. 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. 1972ರಲ್ಲಿ ತೀರಿಕೊಂಡಾಗಲೂ ಅವರು ಬಡವರೇ.

“ನಮಗೇ ಇಲ್ಲದಾಗ ಅವರಿಗೇಕೆ ದುಡ್ಡು ಕೊಟ್ಟೆ?” ಎಂದು ಚಿಕ್ಕವಳಿದ್ದಾಗ ಕೇಳಿದ್ದೆ.

“ನಮ್ಮ ಋಣದಲ್ಲಿರೋರು ನಮ್ಮನ್ನ ಮರೆಯಲ್ಲ ಕಣೇ” ಎಂದಿದ್ದಳು.

ಕಳೆದ ಚುನಾವಣೆಯಲ್ಲಿ ನಮ್ಮ ಮನೆಗೂ ನೋಟಿನ ಕವರು ಬಂತು. “ಎಲ್ಲರೂ ತಗೊಂಡಿದ್ದಾರೆ ಟೀಚರ್” ಎಂದರು ತಂದವರು. ಹಿಂದಿರುಗಿಸಿದೆ, ನಿಜ. ಆದರೆ ಅದಕ್ಕೆ ಮುಂಚೆ ಅರೆಗಳಿಗೆ ಕೈ ತಡೆಯಿತು. ಆ ಅರೆಗಳಿಗೆಯ ನಾಚಿಕೆ ಇನ್ನೂ ಹೋಗಿಲ್ಲ.