279 ಕಿಲೋಮೀಟರ್ ದಾಟಿದ ವೈಫೈ, 3 ಕಿಲೋಮೀಟರ್ ದಾಟದ ನನ್ನ ಡಿಶ್



ಈ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕರೆಯಿಂದ. ನನ್ನ ಸೋದರಮಾವನದ್ದು ಮಲೆನಾಡಿನಲ್ಲಿ ಅಡಿಕೆ ತೋಟ. ರಸ್ತೆ ಬದಿಯಲ್ಲಿ ಅವರದ್ದೇ ಒಂದು ಅಂಗಡಿ ಇದೆ, ಅಲ್ಲಿವರೆಗೆ ಫೈಬರ್ ಬಂದಿದೆ. ಮನೆ ಮಾತ್ರ ಅಲ್ಲಿಂದ ಸುಮಾರು 3 ಕಿಲೋಮೀಟರ್ ಒಳಗೆ, ಕಣಿವೆಯ ಆಚೆ. ಮೊಬೈಲ್ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು. ಮಗಳು ಪಿಯುಸಿ, ಅವಳಿಗೆ ಆನ್‌ಲೈನ್ ಕ್ಲಾಸು. "ಲೋ, ಅಂಗಡಿಯಿಂದ ಮನೆಗೆ ಗಾಳಿಯಲ್ಲೇ ಇಂಟರ್ನೆಟ್ ತರೋ ಡಿಶ್ ಬಂದಿದೆಯಂತಲ್ಲ ಮಾರಾಯ, ಯಾವ್ದು ತಗೊಳ್ಳೋದು ಹೇಳು" ಅಂದ್ರು.

ನಾನು ಬಿಕಾಂ ಓದಿದವನು. ಎಕ್ಸೆಲ್ ಶೀಟ್ ಮಾಡಿದೆ. ಒಂದು ಕಾಲಂನಲ್ಲಿ ವೇಗ, ಇನ್ನೊಂದರಲ್ಲಿ ಆಂಟೆನಾದ ಶಕ್ತಿ, ಮತ್ತೊಂದರಲ್ಲಿ ಬೆಲೆ. ಬಜೆಟ್ಟಿಗೆ ಹೊಂದುವ, ಕಾಗದದ ಮೇಲೆ ಎಲ್ಲಕ್ಕಿಂತ ಜೋರಾದ ಜೋಡಿ ಡಿಶ್ ಆರಿಸಿದೆ. ಏಪ್ರಿಲ್‌ನಲ್ಲಿ ಹಾಕಿದ್ವಿ, ಚೆನ್ನಾಗಿ ನಡೀತು. ಮಳೆಗಾಲ ಹಿಡಿದ ಮೇಲೆ ಲಿಂಕ್ ಬಿದ್ದು ಬಿದ್ದು ಏಳೋಕೆ ಶುರು. ಆಮೇಲೊಂದು ದಿನ ಕರೆಂಟ್ ಹೋಗಿ ಬಂದಾಗ ಪೂರ್ತಿ ಸತ್ತೇ ಹೋಯ್ತು. ಆ ಮಳೆಗಾಲವಿಡೀ ಹುಡುಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಗಳ ಪಕ್ಕ ಕೂತು ಕ್ಲಾಸ್ ಕೇಳಿದ್ಲು.

ತಪ್ಪು ಡಿಶ್‌ನದ್ದಲ್ಲ, ನನ್ನದು. ಎಲ್ಲಿ ತಪ್ಪಿದೆ ಅಂತ ಹುಡುಕೋಕೆ ಹೋದಾಗ ಸಿಕ್ಕಿದ್ದು ಒಂದು ಒಳ್ಳೆಯ ಇತಿಹಾಸ. ನನಗಿಂತ 20 ವರ್ಷ ಮೊದಲೇ ಇದೇ ತಪ್ಪುಗಳನ್ನು ಮಾಡಿ, ಅಳತೆ ಮಾಡಿ, ಬರೆದಿಟ್ಟವರು ಇದ್ದಾರೆ.

ಮನೆಯೊಳಗಿನ ವಸ್ತು ಹೊರಗೆ ಬಂದಿದ್ದು

1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿ ಒಂದು ತೀರ್ಮಾನ ಮಾಡಿತು. ಮೈಕ್ರೋವೇವ್ ಒಲೆಯಂಥ ಉಪಕರಣಗಳಿಗೆ ಬಿಟ್ಟಿದ್ದ ಕೆಲವು ತರಂಗಪಟ್ಟಿಗಳಲ್ಲಿ ಲೈಸೆನ್ಸ್ ಇಲ್ಲದೆ ಸಂವಹನ ನಡೆಸಬಹುದು ಅಂತ. 2.4 ಗಿಗಾಹರ್ಟ್ಸ್ ಅದರಲ್ಲೊಂದು. 1999ರಲ್ಲಿ 802.11ಬಿ ಅನ್ನೋ ಮಾನದಂಡ ಬಂತು, ನಾವು ವೈಫೈ ಅಂತ ಕರೆದಿದ್ದು ಅದನ್ನೇ. ಅದು ಮನೆ, ಆಫೀಸಿನ ಒಳಗಿನ ನೂರು ಮೀಟರ್ ಲೆಕ್ಕಕ್ಕೆ ಮಾಡಿದ ವಸ್ತು.

ಆದರೆ ಅಗ್ಗದ ವಸ್ತು ಕೈಗೆ ಸಿಕ್ಕರೆ ಜನ ಸುಮ್ಮನಿರ್ತಾರಾ? 2001ರಲ್ಲಿ ರಾಬ್ ಫ್ಲಿಕೆಂಜರ್ ಅನ್ನೋ ಅಮೆರಿಕನ್, ಆಲೂಗಡ್ಡೆ ಚಿಪ್ಸ್ ಬರೋ ಪ್ರಿಂಗಲ್ಸ್ ಡಬ್ಬಿಯಿಂದಲೇ ಆಂಟೆನಾ ಮಾಡಿ ತೋರಿಸಿದರು. ಸುತ್ತಲೂ ಚೆಲ್ಲಿ ಹೋಗೋ ಸಿಗ್ನಲ್ಲನ್ನು ಒಂದೇ ದಿಕ್ಕಿಗೆ ತಿರುಗಿಸಿದರೆ ದೂರ ಹೋಗುತ್ತೆ, ಅಷ್ಟೇ ಸೂತ್ರ.

ಇದನ್ನ ಜಮಾ-ಖರ್ಚಿನ ಪುಸ್ತಕದ ಹಾಗೆ ನೋಡಿ, ಸುಲಭ ಆಗುತ್ತೆ. ಲೆಕ್ಕ ಡೆಸಿಬೆಲ್‌ನಲ್ಲಿ. 2.4 ಗಿಗಾಹರ್ಟ್ಸ್‌ನಲ್ಲಿ 1 ಕಿಲೋಮೀಟರ್ ದಾಟೋಕೆ ಸುಮಾರು 100 ಡೆಸಿಬೆಲ್ ಖರ್ಚು. 10 ಕಿಲೋಮೀಟರಿಗೆ 120. ದೂರ ದುಪ್ಪಟ್ಟಾದಾಗೆಲ್ಲ 6 ಡೆಸಿಬೆಲ್ ಜಾಸ್ತಿ. ಈಗ ಜಮಾ ಕಡೆ ಬನ್ನಿ. ರೇಡಿಯೋ 12, ಎರಡೂ ತುದಿಯಲ್ಲಿ 24ರ ಎರಡು ಆಂಟೆನಾ, ಒಟ್ಟು 60. ಅದರಲ್ಲಿ 120 ಕಳೆದರೆ ಮೈನಸ್ 60. ಆಗಿನ ಕಾರ್ಡುಗಳು ಮೈನಸ್ 80ರ ಆಸುಪಾಸಿನ ಸಿಗ್ನಲ್ಲನ್ನೂ ಓದುತ್ತಿದ್ದವು. ಅಂದ್ರೆ ಸುಮಾರು 20 ಡೆಸಿಬೆಲ್ ಉಳಿತಾಯ ಕೈಯಲ್ಲಿದೆ. ಮಳೆ, ಎಲೆ, ಸಡಿಲವಾದ ಕನೆಕ್ಟರ್ ಇವೆಲ್ಲ ತಿನ್ನೋದು ಈ ಉಳಿತಾಯವನ್ನೇ.

ರೇಡಿಯೋಗೆ 12 ಅಂತ ಯಾಕೆ ಹಾಕಿದೆ ಗೊತ್ತಾ? ಕಾನೂನು. ಭಾರತ ಸರ್ಕಾರ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಹೊರಾಂಗಣ ಬಳಕೆಗೂ ಲೈಸೆನ್ಸ್‌ಮುಕ್ತ ಮಾಡಿತು. ಷರತ್ತು ಏನಂದ್ರೆ, ಆಂಟೆನಾ ಸೇರಿ ಒಂದು ದಿಕ್ಕಿಗೆ ಹೊರಡೋ ಶಕ್ತಿ 4 ವ್ಯಾಟ್, ಅಂದ್ರೆ 36 ಡೆಸಿಬೆಲ್ ಲೆಕ್ಕ, ಮೀರಬಾರದು. ಆಂಟೆನಾ 24 ಆದರೆ ರೇಡಿಯೋಗೆ ಉಳಿಯೋದು 12. 5 ಗಿಗಾಹರ್ಟ್ಸ್‌ನ ದೊಡ್ಡ ಪಾಲು, 605 ಮೆಗಾಹರ್ಟ್ಸ್, ನಮಗೆ ತೆರೆದುಕೊಂಡಿದ್ದು 2018ರ ಅಕ್ಟೋಬರ್‌ನಲ್ಲಿ.

ಹಾಗಾಗಿ ದೂರದ ಲಿಂಕಿಗೆ ಹೆಚ್ಚು ಶಕ್ತಿಯ ರೇಡಿಯೋಗಿಂತ ಒಳ್ಳೆಯ ಆಂಟೆನಾ ಮೇಲು. ಶಕ್ತಿ ಹೆಚ್ಚಿಸಿದರೆ ಕೂಗೋದು ಮಾತ್ರ ಜೋರಾಗುತ್ತೆ. ಆಂಟೆನಾ ಕೂಗೋಕೂ ಸಹಾಯ, ಕೇಳಿಸಿಕೊಳ್ಳೋಕೂ ಸಹಾಯ.

ಕಂಬದ ಖರ್ಚು

ನಮ್ಮ ದೇಶದಲ್ಲಿ ಇದನ್ನ ಹಳ್ಳಿಗೆ ಒಯ್ದ ಮೊದಲಿಗರಲ್ಲಿ ಐಐಟಿ ಕಾನ್ಪುರದವರು ಇದ್ದಾರೆ. 2000ದ ದಶಕದ ಮೊದಲ ವರ್ಷಗಳಲ್ಲಿ 'ಡಿಜಿಟಲ್ ಗ್ಯಾಂಜೆಟಿಕ್ ಪ್ಲೇನ್ಸ್' ಅನ್ನೋ ಯೋಜನೆಯಲ್ಲಿ, ಕಾನ್ಪುರದಿಂದ ಲಖನೌ ದಿಕ್ಕಿಗೆ ಮಾಮೂಲಿ ವೈಫೈ ಉಪಕರಣಗಳಿಂದಲೇ ದೂರದ ಕೊಂಡಿಗಳನ್ನು ಜೋಡಿಸಿದರು.

ಗಂಗಾ ಬಯಲು ಅಂದ್ರೆ ತಟ್ಟೆಯ ಹಾಗೆ ಸಮತಟ್ಟು, ಗುಡ್ಡವೇ ಇಲ್ಲ. ಮರ, ಮನೆಗಳ ಮೇಲಿಂದ ಸಿಗ್ನಲ್ ಹಾಯಬೇಕಂದ್ರೆ ಎತ್ತರದ ಗೋಪುರ ಬೇಕು. ಆಗ ಅವರು ಕಂಡುಕೊಂಡ ಸತ್ಯ ಇದು: ರೇಡಿಯೋ ಅಗ್ಗ, ಆಂಟೆನಾ ಅಗ್ಗ, ಗೋಪುರ ದುಬಾರಿ. ಇಡೀ ಯೋಜನೆಯ ಖರ್ಚನ್ನು ತೀರ್ಮಾನಿಸೋದು ಕಬ್ಬಿಣ. ಕಾಸ್ಟ್ ಅಕೌಂಟಿಂಗ್ ಪಾಠದಲ್ಲಿ ನಮಗೆ ಹೇಳಿಕೊಟ್ಟಿದ್ದೂ ಇದನ್ನೇ, ದೊಡ್ಡ ಖರ್ಚು ಎಲ್ಲಿದೆಯೋ ಅಲ್ಲಿ ಮೊದಲು ನೋಡು ಅಂತ. ನನ್ನ ಶೀಟಿನಲ್ಲಿ ಕಂಬಕ್ಕೆ ಕಾಲಮ್ಮೇ ಇರಲಿಲ್ಲ.

ನೇಪಾಳದ ಮಹಾಬೀರ್ ಪುನ್ ಅವರ ಕಥೆ ಇದಕ್ಕೆ ಜೋಡಿ. ಮ್ಯಾಗ್ದಿ ಜಿಲ್ಲೆಯ ನಾಂಗಿ ಅನ್ನೋ ಬೆಟ್ಟದ ಹಳ್ಳಿಯ ಮೇಷ್ಟ್ರು. ಆಗ ಅಲ್ಲಿ ಮಾವೋವಾದಿ ಸಂಘರ್ಷ, ವೈರ್‌ಲೆಸ್ ಉಪಕರಣ ತರೋದೇ ಕಷ್ಟ. ವಿದೇಶಿ ಸ್ವಯಂಸೇವಕರ ನೆರವಿನಿಂದ ಹೇಗೋ ಉಪಕರಣ ತರಿಸಿ, ಬೆಟ್ಟದ ಮೇಲಿನ ಮರಗಳನ್ನೇ ಕಂಬ ಮಾಡಿಕೊಂಡು ಆಂಟೆನಾ ಕಟ್ಟಿ, ಹಳ್ಳಿಗಳಿಗೆ ಇಂಟರ್ನೆಟ್ ತಂದರು. 2007ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಬಯಲಿನವರು ಗೋಪುರಕ್ಕೆ ಹಾಕಿದ ದುಡ್ಡನ್ನು ಅಲ್ಲಿ ಬೆಟ್ಟವೇ ಕೊಟ್ಟಿತ್ತು.

ಭೂಮಿಯ ಬೆನ್ನು ದಾಟಿದವರು

ಈಗ ವೆನೆಜುವೆಲಾಕ್ಕೆ ಹೋಗೋಣ. ಮೆರಿಡಾ ಊರಿನ ಎರ್ಮಾನೋ ಪಿಯೆತ್ರೊಸೆಮೊಲಿ ಅನ್ನೋ ಮೇಷ್ಟ್ರು, 2006ರ ಏಪ್ರಿಲ್‌ನಲ್ಲಿ ಆಂಡಿಸ್ ಪರ್ವತದ ಪಿಕೋ ದೆಲ್ ಆಗಿಲಾ ಶಿಖರದಿಂದ ಬಯಲಿನ ಎಲ್ ಬಾವುಲ್ ಅನ್ನೋ ಊರಿಗೆ ವೈಫೈ ಕೊಂಡಿ ಹಾಕಿದರು. ದೂರ 279 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಹೋಗಿ ವಾಪಸ್ ಬಂದಷ್ಟು.

ಇಷ್ಟು ದೂರದಲ್ಲಿ ಭೂಮಿಯೇ ಅಡ್ಡ ಬರುತ್ತೆ. ಅದರ ದುಂಡುತನದ ಲೆಕ್ಕ ಹಾಕಿದರೆ ನಡುಮಧ್ಯದಲ್ಲಿ ನೆಲ 1,100 ಮೀಟರಿಗೂ ಹೆಚ್ಚು ಉಬ್ಬಿರುತ್ತೆ. ಶಿಖರ ಸುಮಾರು 4,200 ಮೀಟರ್ ಎತ್ತರ ಇದ್ದಿದ್ದಕ್ಕೆ ಸಿಗ್ನಲ್ ಅದರ ಮೇಲಿಂದ ಹಾಯ್ತು. ಅಂದ್ರೆ ಅವರು ಆರಿಸಿದ ಮೊದಲನೇ ಉಪಕರಣ ಒಂದು ಬೆಟ್ಟ.

ಉಳಿದ ಉಪಕರಣ? ಹಳೇ ಸ್ಯಾಟಲೈಟ್ ಡಿಶ್‌ಗಳು, ಮತ್ತೆ ಮನೆಗೆ ತರೋ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರ್. ಈ ರೂಟರೇ ಯಾಕೆ? ಅದರೊಳಗಿದ್ದದ್ದು ಲಿನಕ್ಸ್. ಅದರ ಪರವಾನಗಿಯ ನಿಯಮದಂತೆ 2003ರಲ್ಲಿ ಕಂಪನಿ ಮೂಲಸಂಕೇತ ಬಿಡುಗಡೆ ಮಾಡಬೇಕಾಯ್ತು. ಅದರಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಮುಕ್ತ ತಂತ್ರಾಂಶ ಹುಟ್ಟಿತು. ರೂಟರಿನ ಹೊಟ್ಟೆ ಬಿಚ್ಚಿ ಅದರ ನಡವಳಿಕೆ ಬದಲಾಯಿಸೋಕೆ ಸಾಧ್ಯ ಆಗಿದ್ದು ಹಾಗೆ.

ಬದಲಾಯಿಸೋದು ಯಾಕೆ ಬೇಕಿತ್ತು ಅಂದ್ರೆ, ವೈಫೈ ಪ್ರತಿ ತುಣುಕು ಕಳಿಸಿದ ಮೇಲೂ "ಬಂತಾ?" ಅಂತ ಉತ್ತರಕ್ಕೆ ಕಾಯುತ್ತೆ. ಕೋಣೆಯೊಳಗೆ 30 ಮೀಟರ್ ಹೋಗಿ ಬರೋಕೆ 0.2 ಮೈಕ್ರೋಸೆಕೆಂಡ್ ಸಾಕು. 279 ಕಿಲೋಮೀಟರ್ ಹೋಗಿ ಬರೋಕೆ ಬೆಳಕಿಗೇ 1,860 ಮೈಕ್ರೋಸೆಕೆಂಡ್ ಬೇಕು. ರೂಟರ್ ಅಷ್ಟು ಹೊತ್ತು ಕಾಯಲ್ಲ. ಉತ್ತರ ಇನ್ನೂ ದಾರಿಯಲ್ಲಿರುವಾಗಲೇ "ಕಳೆದುಹೋಯ್ತು" ಅಂತ ಮತ್ತೆ ಕಳಿಸುತ್ತೆ. ಸಿಗ್ನಲ್ ಗಟ್ಟಿಯಾಗಿದ್ದರೂ ಲಿಂಕ್ ನಡೆಯಲ್ಲ. ಆ ಮೊದಲ ಪ್ರಯತ್ನದಲ್ಲಿ ಸಿಕ್ಕ ವೇಗ ಸೆಕೆಂಡಿಗೆ ಸುಮಾರು 65 ಕಿಲೋಬಿಟ್.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಬ್ರೂವರ್ ಅವರ 'ಟಿಯರ್' ತಂಡ ಇದೇ ಸಮಸ್ಯೆಗೆ ಕೈ ಹಾಕಿತ್ತು. ನಮ್ಮಲ್ಲೂ ಭಾಸ್ಕರನ್ ರಾಮನ್, ಕಾಮೇಶ್ವರಿ ಚೇಬ್ರೋಲು 2005ರಲ್ಲೇ ಇದರ ಬಗ್ಗೆ ಪ್ರಬಂಧ ಮಂಡಿಸಿದ್ದರು. ಎರಡರ ಹಿಂದಿನ ಯೋಚನೆ ಹತ್ತಿರದ್ದು. ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕೋ ಬದಲು, ಸಮಯ ಹಂಚಿಕೊಂಡು ಸರದಿ ಪ್ರಕಾರ ಮಾತಾಡಿ ಅನ್ನೋದು. ಟಿಯರ್ ತಂಡದವರು ತುಣುಕಿಗೊಂದು ರಸೀದಿ ಕೇಳೋದನ್ನೂ ಬಿಟ್ಟು, ಒಂದಿಷ್ಟಕ್ಕೆಲ್ಲ ಸೇರಿ ಒಂದೇ ರಸೀದಿ ಅಂತ ಮಾಡಿದರು. 2007ರಲ್ಲಿ ಅದೇ ಪಿಕೋ ದೆಲ್ ಆಗಿಲಾದಿಂದ, ಈ ಸಲ 382 ಕಿಲೋಮೀಟರ್ ದೂರಕ್ಕೆ, ಎರಡೂ ದಿಕ್ಕು ಸೇರಿ ಸುಮಾರು 6 ಮೆಗಾಬಿಟ್ ವೇಗ ಸಿಕ್ಕಿತು. ದೂರ ಜಾಸ್ತಿಯಾಗಿ ವೇಗ ಸುಮಾರು 90 ಪಟ್ಟು ಏರಿದ್ದು ತಂತ್ರಾಂಶದಿಂದ.

ಇವತ್ತು ಅಂಗಡಿಯಲ್ಲಿ ಸಿಗೋ ಹೊರಾಂಗಣ ಡಿಶ್‌ಗಳಲ್ಲಿ ಈ ಸರದಿ ಪದ್ಧತಿ ಮಾಮೂಲಿ. ಯುಬಿಕ್ವಿಟಿಯ ಏರ್‌ಮ್ಯಾಕ್ಸ್ ಹೀಗೇ ಕೆಲಸ ಮಾಡೋದು. ನಾವು ಬರೀ ದೂರದ ಸಂಖ್ಯೆ ಟೈಪ್ ಮಾಡಿ ಸೇವ್ ಒತ್ತುತ್ತೀವಿ.

ತೇನಿಯ ಕಣ್ಣಿನ ಆಸ್ಪತ್ರೆ

ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ದಾಖಲೆಯ ದೂರವಲ್ಲ, ತಮಿಳುನಾಡಿನ ತೇನಿ. ಅಲ್ಲಿನ ಅರವಿಂದ ಕಣ್ಣಿನ ಆಸ್ಪತ್ರೆ ಸುತ್ತಲಿನ ಊರುಗಳಲ್ಲಿ ಪುಟ್ಟ ನೇತ್ರ ಕೇಂದ್ರಗಳನ್ನು ತೆರೆದಿತ್ತು. ಕೇಂದ್ರದಲ್ಲಿ ಇರೋದು ತರಬೇತಿ ಪಡೆದ ಸಿಬ್ಬಂದಿ, ಡಾಕ್ಟರ್ ತೇನಿಯಲ್ಲಿ. ಅಜ್ಜಿಯೊಬ್ಬರು ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಬೇಕಾ ಬೇಡವಾ ಅನ್ನೋದು ವೀಡಿಯೋದಲ್ಲೇ ತೀರ್ಮಾನ ಆಗ್ತಿತ್ತು. ಟಿಯರ್ ತಂಡ ಈ ಕೇಂದ್ರಗಳನ್ನು ದೂರದ ವೈಫೈಯಿಂದ ಜೋಡಿಸಿತು. 2006ರ ಹೊತ್ತಿಗೆ ಇಂಥ 5 ಕೇಂದ್ರಗಳು ನಡೀತಿದ್ದವು.

2008ರಲ್ಲಿ ಆ ತಂಡ ಇಂಥ ಗ್ರಾಮೀಣ ಜಾಲಗಳನ್ನು ಜೀವಂತ ಇಟ್ಟ ಅನುಭವವನ್ನು ಪ್ರಬಂಧವಾಗಿ ಬರೆಯಿತು. ಲಿಂಕ್ ಕೆಡಲು ದೊಡ್ಡ ಕಾರಣ ರೇಡಿಯೋ ಅಲ್ಲ, ಮಳೆಯೂ ಅಲ್ಲ, ಕರೆಂಟು. ಕರೆಂಟ್ ಇಲ್ಲದಿರೋದು ಮಾತ್ರ ಅಲ್ಲ, ಕೆಟ್ಟ ಕರೆಂಟ್ ಬರೋದು. ವೋಲ್ಟೇಜ್ ದಿಢೀರ್ ಏರಿದರೆ ಅಡಾಪ್ಟರ್ ಸುಡುತ್ತೆ. ಪೂರ್ತಿ ಹೋಗದೆ ಅರ್ಧಂಬರ್ಧ ಬಂದರೆ ರೂಟರ್ ಅತ್ತ ಏಳಲ್ಲ, ಇತ್ತ ಆಫ್ ಆಗಲ್ಲ. ಬರೀತಿರುವಾಗ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡುತ್ತೆ. ಹಾಗಾಗಿ ಅವರು ವೋಲ್ಟೇಜ್ ತೀರಾ ಇಳಿದರೆ ತಾನೇ ಕಡಿತ ಮಾಡೋ ಅಗ್ಗದ ಸೋಲಾರ್ ನಿಯಂತ್ರಕ ತಯಾರಿಸಿದರು, ಮೆಮೊರಿಯನ್ನು ಓದೋಕೆ ಮಾತ್ರ ಅಂತ ಬೀಗ ಹಾಕಿದರು, ಸ್ಥಳೀಯ ಸಿಬ್ಬಂದಿಗೆ ಕೆಲಸ ಕಲಿಸಿದರು. ಊರಿನವರಿಗೇ ಏನು ಕೆಟ್ಟಿದೆ ಅಂತ ತಿಳಿಯದಿದ್ದರೆ, ದೂರದಿಂದ ಇಂಜಿನಿಯರ್ ಬರೋವರೆಗೆ ಕೇಂದ್ರ ಮುಚ್ಚಿದ ಹಾಗೇ.

ಅದನ್ನ ಓದುವಾಗ ನನಗೆ ಮಾವನ ಮನೆಯ ಸುಟ್ಟ ಅಡಾಪ್ಟರ್ ಕಣ್ಣಮುಂದೆ ಬಂತು.

ಮತ್ತೆ ತೋಟಕ್ಕೆ

ಮಳೆ ನಿಂತ ಮೇಲೆ ಊರಿಗೆ ಹೋದೆ. ಅಂಗಡಿ ಮಾಡಿನಿಂದ ಮನೆ ಕಾಣುತ್ತೆ, ಸರಿ. ಆದರೆ ಸಿಗ್ನಲ್ಲಿಗೆ ಕಣ್ಣೋಟದ ಗೆರೆ ಸಾಲದು, ಅದರ ಸುತ್ತ ಜಾಗ ಬೇಕು. ಅದನ್ನ ಫ್ರೆನೆಲ್ ವಲಯ ಅಂತಾರೆ. 5.8 ಗಿಗಾಹರ್ಟ್ಸ್‌ನಲ್ಲಿ, 3 ಕಿಲೋಮೀಟರಿಗೆ, ನಡುವಿನಲ್ಲಿ ಅದರ ತ್ರಿಜ್ಯ ಸುಮಾರು 6 ಮೀಟರ್. ಅದರಲ್ಲಿ ಶೇಕಡಾ 60ರಷ್ಟಾದರೂ ಖಾಲಿ ಇರಬೇಕು. ನಮ್ಮ ಗೆರೆ ಅಡಿಕೆ ಮರದ ತಲೆ ಸವರಿಕೊಂಡೇ ಹೋಗ್ತಿತ್ತು. ಏಪ್ರಿಲ್‌ನಲ್ಲಿ ಒಣ ಸೋಗೆ ಇದ್ದಾಗ ಉಳಿತಾಯದ ಡೆಸಿಬೆಲ್‌ಗಳಲ್ಲಿ ಹೇಗೋ ನಡೀತು. ಈ ತರಂಗಕ್ಕೆ, ಇಷ್ಟು ದೂರಕ್ಕೆ, ಮಳೆಹನಿ ದೊಡ್ಡ ಅಡ್ಡಿಯಲ್ಲ. ತೊಯ್ದ ಎಲೆ ಅಡ್ಡಿ.

ಹೊಸ ಡಿಶ್ ತಗೊಳ್ಳಲಿಲ್ಲ. ಎರಡೂ ಕಡೆ ಕಬ್ಬಿಣದ ಕಂಬ ನಿಲ್ಲಿಸಿ ಎತ್ತರಿಸಿದ್ವಿ. ಅರ್ಥಿಂಗ್ ಸರಿ ಮಾಡಿಸಿ, ಕೇಬಲ್ಲಿಗೆ ಸಿಡಿಲು ತಡೆ ಹಾಕಿ, ಮನೆ ಕಡೆಯ ಡಿಶ್‌ಗೆ ಪುಟ್ಟ ಸೋಲಾರ್ ಪ್ಯಾನೆಲ್ಲು, ಬ್ಯಾಟರಿ ಕೂರಿಸಿದ್ವಿ. ಯಾವ ದೀಪ ಆರಿದರೆ ಏನರ್ಥ ಅಂತ ಹುಡುಗಿಗೆ ತೋರಿಸಿಕೊಟ್ಟೆ, ಅವಳು ಗೋಡೆ ಮೇಲೆ ಬರೆದು ಅಂಟಿಸಿದ್ಲು. ಡಿಶ್‌ಗೆ ಕೊಟ್ಟಿದ್ದಕ್ಕಿಂತ ಇದಕ್ಕೇ ಹೆಚ್ಚು ಖರ್ಚಾಯ್ತು. ಬಿಲ್ ನೋಡಿ ಮಾವ, "ಮೊದ್ಲೇ ಹೇಳ್ಬಾರ್ದಿತ್ತೇನೋ" ಅಂದ್ರು. ಹೇಳಬೇಕಿತ್ತು.

ನೀವೂ ಇಂಥದ್ದೊಂದು ಲಿಂಕ್ ಹಾಕಿಸೋರಿದ್ದರೆ ಡಿಶ್‌ನ ಬೆಲೆ ಕೊನೆಗೆ ನೋಡಿ. ಮೊದಲು ಮಳೆಗಾಲದಲ್ಲಿ ಹೋಗಿ ದಾರಿ ನೋಡಿ, ಆಮೇಲೆ ಕಂಬ, ಆಮೇಲೆ ಕರೆಂಟ್. ಕೆಟ್ಟಾಗ ಮನೆಯಲ್ಲಿ ನೋಡೋರು ಯಾರು ಅಂತ ಒಬ್ಬರ ಹೆಸರು ಬರೆದಿಟ್ಟುಕೊಳ್ಳಿ. ನನ್ನ ಎಕ್ಸೆಲ್ ಶೀಟಿನಲ್ಲಿ ಈಗ ಈ ನಾಲ್ಕು ಕಾಲಂಗಳೇ ಮೊದಲು ಇವೆ.