ಪಿತ್ತಾಮ್ಲ ಸಂಯುಗ್ಮಗಳು ಮತ್ತು ಯಕೃತ್ತಿನ ಚಿತ್ರಣ

ಯಕೃತ್ತಿನ ಕೋಶಗಳು ರಕ್ತದಲ್ಲಿರುವ ಪಿತ್ತಾಮ್ಲಗಳನ್ನು ಹೀರಿಕೊಂಡು ಪಿತ್ತರಸಕ್ಕೆ ಬಿಡುತ್ತವೆ. ಸ್ಕ್ಯಾನಿನಲ್ಲಿ ಕಾಣುವ ಲೋಹವನ್ನೋ ವಿಕಿರಣಶೀಲ ಪರಮಾಣುವನ್ನೋ ಪಿತ್ತಾಮ್ಲಕ್ಕೆ ಜೋಡಿಸಿದರೆ ಅದೂ ಯಕೃತ್ತನ್ನೇ ಸೇರೀತು ಎಂಬ ಎಣಿಕೆಯಿಂದ ಹುಟ್ಟಿದವು ಈ ಸಂಯುಗ್ಮಗಳು. ಯಕೃತ್ತನ್ನು ತೋರಿಸುವ ಔಷಧಗಳನ್ನೆಲ್ಲ ಇದೇ ಗುಂಪಿಗೆ ಸೇರಿಸುವುದುಂಟು. ಅದು ತಪ್ಪು.

ವೈದ್ಯರಾದ ಗ್ರಹಾಂ ಮತ್ತು ಕೋಲ್ 1924ರಲ್ಲಿ ಪಿತ್ತಕೋಶದ ಎಕ್ಸ್-ರೇಗೆ ಬಳಸಿದ್ದು ಬ್ರೋಮಿನ್ ಸೇರಿದ ಫೀನಾಲ್ಫ್ತಲೀನ್. 1950ರ ದಶಕದಲ್ಲಿ ಬಂದದ್ದು ವಿಕಿರಣಶೀಲ ಅಯೋಡಿನ್ ಹೊತ್ತ ರೋಸ್ ಬೆಂಗಾಲ್ ಬಣ್ಣ. 1970ರ ದಶಕದ ಸ್ಕ್ಯಾನ್ ಔಷಧ 'ಹಿಡಾ' ಲಿಡೊಕೇನ್ ಅರಿವಳಿಕೆಯ ರಚನೆಯಿಂದ ಬಂದದ್ದು. 2004ರಲ್ಲಿ ಯುರೋಪಿನಲ್ಲಿ ಮಂಜೂರಾದ ಎಂಆರ್‌ಐ ಔಷಧ ಗ್ಯಾಡೊಕ್ಸೆಟೇಟ್ ಸುಮಾರು ಅರ್ಧದಷ್ಟು ಪಿತ್ತದ ಮೂಲಕ ಹೊರಹೋಗುತ್ತದೆ. ಇವ್ಯಾವುದರಲ್ಲೂ ಪಿತ್ತಾಮ್ಲವಿಲ್ಲ. ಗ್ಯಾಡೊಕ್ಸೆಟೇಟ್ ಕೋಶವನ್ನು ಹೊಗುವುದು ಮುಖ್ಯವಾಗಿ ನಾನಾ ಬಗೆಯ ಸಾವಯವ ಅಯಾನುಗಳನ್ನು ಸಾಗಿಸುವ 'ಒಎಟಿಪಿ' ಪ್ರೋಟೀನುಗಳ ಮೂಲಕ. ಪಿತ್ತಾಮ್ಲಗಳ ಮುಖ್ಯ ವಾಹಕ 'ಎನ್‌ಟಿಸಿಪಿ' ಬೇರೆಯೇ. ಜೂರಿಚ್‌ನ ತಂಡ ಇಲಿಯ ಯಕೃತ್ತಿನಿಂದ ಅದರ ಜೀನನ್ನು ಪ್ರತ್ಯೇಕಿಸಿದ್ದು 1991ರಲ್ಲಿ.

ನಿಜವಾದ ಪಿತ್ತಾಮ್ಲ ಸಂಯುಗ್ಮಗಳ ಚರಿತ್ರೆ ಎಣಿಸಿದಂತೆ ಸಾಗಲಿಲ್ಲ. ಎಡಿನ್‌ಬರೊದಲ್ಲಿ ರೂಪುಗೊಂಡು 1981ರಲ್ಲಿ ಪ್ರಕಟವಾದ 'ಸೆಹ್‌ಕ್ಯಾಟ್' ಎಂಬ ಸಂಯುಗ್ಮದಲ್ಲಿ ಪಿತ್ತಾಮ್ಲದ ಬಾಲದೊಳಗೆ ಸೆಲೆನಿಯಂ-75 ಕೂತಿದೆ, ತುದಿಗೆ ಟಾರಿನ್ ಅಂಟಿದೆ. ಅದರಿಂದ ಅಳೆಯುವುದು ಮಾತ್ರ ಪಿತ್ತಾಮ್ಲವನ್ನು ಮರಳಿ ಹೀರುವ ಕರುಳಿನ ಶಕ್ತಿಯನ್ನು: ಏಳನೆಯ ದಿನ ದೇಹದಲ್ಲಿ ಉಳಿದದ್ದು ಶೇ. 15ಕ್ಕಿಂತ ಕಡಿಮೆಯಾದರೆ ದೋಷವಿದೆ ಎಂದರ್ಥ. ಇಟಲಿಯ ಬ್ರಾಕೊ ಸಂಸ್ಥೆ ಗ್ಯಾಡೊಲಿನಿಯಂ ಸಂಕೀರ್ಣವನ್ನು ಹಲವು ಪಿತ್ತಾಮ್ಲಗಳಿಗೆ ಜೋಡಿಸಿ, ಯಕೃತ್ ಕೋಶಕ್ಕೆ ಗುರಿಯಿಟ್ಟ ಔಷಧಗಳೆಂದು 2004ರಲ್ಲಿ ವರದಿ ಮಾಡಿತು. ಆದರೆ ಇವುಗಳ ಪೈಕಿ ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಹೆಚ್ಚು ಸುದ್ದಿಯಾದದ್ದು ಡಿಆಕ್ಸಿಕೋಲಿಕ್ ಆಮ್ಲ ಹೊತ್ತ ಗ್ಯಾಡೊಕೊಲೆಟಿಕ್ ಆಮ್ಲ. ರಕ್ತದ ಆಲ್ಬ್ಯುಮಿನ್‌ಗೆ ಬಿಗಿಯಾಗಿ ಅಂಟುವ ಗುಣದಿಂದಾಗಿ ಅದು ಹೃದಯದ ರಕ್ತನಾಳಗಳ ಚಿತ್ರಣದ ಹಾದಿ ಹಿಡಿಯಿತು, ಮಾರುಕಟ್ಟೆಗೆ ಬರಲಿಲ್ಲ.

ಸಂಯುಗ್ಮ ಯಕೃತ್ತನ್ನು ಸೇರಿದ ಮಾತ್ರಕ್ಕೆ ಪಿತ್ತಾಮ್ಲದ ದಾರಿಯಲ್ಲೇ ಹೋಯಿತೆನ್ನಲಾಗದು. ಕೋಲಿಕ್ ಆಮ್ಲಕ್ಕೆ ಲೈಸಿನ್ ಮೂಲಕ ಹೊಳೆಯುವ ಫ್ಲೂರೆಸೀನ್ ಕಟ್ಟಿದ 'ಸಿಎಲ್ಎಫ್' ಬಹುಕಾಲ ಪಿತ್ತಾಮ್ಲದ ಪ್ರತಿನಿಧಿಯೆಂದೇ ಹೆಸರಾಗಿತ್ತು. ಮಾನವ ವಾಹಕಗಳನ್ನು ಒಂದೊಂದಾಗಿ ಕೋಶಗಳಲ್ಲಿಟ್ಟು ನೋಡಿದ 2010ರ ಅಧ್ಯಯನದಲ್ಲಿ ಎನ್‌ಟಿಸಿಪಿ ಅದನ್ನು ಒಯ್ಯಲೇ ಇಲ್ಲ, ಒಯ್ದದ್ದು ಒಎಟಿಪಿ1ಬಿ3. ಜೋಡಿಸಿದ ಹೊರೆ ದೊಡ್ಡದಾದರೆ ಅಣುವಿನ ಗುಣವೇ ಬದಲಾಗಬಹುದು.

ಈ ತೊಡಕನ್ನು ಚೆನ್ನಾಗಿ ನಿವಾರಿಸಿದ್ದು ಡೆನ್ಮಾರ್ಕಿನ ಆರ್ಹಸ್ ತಂಡ. 2012ರಲ್ಲಿ ಹಂದಿಗಳ ಮೇಲೆ, ಅನಂತರ ಮನುಷ್ಯರ ಮೇಲೆ ಪರೀಕ್ಷಿಸಿದ ಅವರ ಕೋಲಿಲ್‌ಸಾರ್ಕೋಸಿನ್‌ಗೂ ದೇಹವೇ ತಯಾರಿಸುವ ಗ್ಲೈಕೊಕೋಲಿಕ್ ಆಮ್ಲಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು. ವಿಕಿರಣಶೀಲ ಇಂಗಾಲ-11 ಇರುವುದೂ ಅಲ್ಲೇ. ಪಿಇಟಿ ಸ್ಕ್ಯಾನಿನಲ್ಲಿ ಅದು ರಕ್ತದಿಂದ ಕೋಶಕ್ಕೆ, ಕೋಶದಿಂದ ಪಿತ್ತನಾಳಕ್ಕೆ ಸಾಗುವ ವೇಗವನ್ನು ಅಳೆಯಬಹುದು. ಇಂಗಾಲ-11ರ ಅರ್ಧಾಯುಷ್ಯ ಸುಮಾರು 20 ನಿಮಿಷವಾದ್ದರಿಂದ, ಪಕ್ಕದಲ್ಲೇ ಸೈಕ್ಲೋಟ್ರಾನ್ ಇಲ್ಲದ ಆಸ್ಪತ್ರೆಗಳಿಗೆ ಇದು ಉಪಯೋಗಕ್ಕೆ ಬಾರದು.