ಕ್ಯಾಲ್ಕುಲೇಟರಿನೊಳಗಿನ ಕನ್ನಡಿ



ನಮ್ಮ ಕೊಣ್ಣೂರಿನ ಕಿರಾಣಿ ಅಂಗಡಿಗಳಲ್ಲಿ ಗಲ್ಲಾ ಪೆಟ್ಟಿಗೆಯ ಪಕ್ಕ ಒಂದು ಕ್ಯಾಲ್ಕುಲೇಟರ್ ಇರುವುದನ್ನು ತಾವು ನೋಡಿದ್ದೀರಿ. ಸಂಜೆ ಕರೆಂಟು ಹೋದರೆ ಅಂಗಡಿಯವರು ಅದನ್ನು ಮೊಬೈಲಿನ ಬೆಳಕಿಗೆ ಹಿಡಿದು ಲೆಕ್ಕ ಓದುತ್ತಾರೆ. ಬೆಳಕು ಇಲ್ಲದಿದ್ದರೆ ಅಂಕಿ ಕಾಣುವುದಿಲ್ಲ. ಅದರೊಳಗೆ ದೀಪವಿಲ್ಲವೇ? ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ ಇಲ್ಲ. ದೀಪದ ಬದಲು ಅಲ್ಲಿ ಒಂದು ಕನ್ನಡಿ ಇದೆ. ಹೊರಗಿನ ಬೆಳಕನ್ನೇ ಸಾಲ ಪಡೆದು ನಮ್ಮ ಕಣ್ಣಿಗೆ ಹಿಂದಿರುಗಿಸುವುದು ಅದರ ಕೆಲಸ. ಈ ಕನ್ನಡಿಯ ಇತಿಹಾಸವನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ಭಾಷಾ ಶಿಕ್ಷಕ. ಆದ್ದರಿಂದ ಒಂದು ಪದದಿಂದಲೇ ಆರಂಭಿಸುತ್ತೇನೆ. ಉರ್ದುವಿನಲ್ಲಿ ದೃಶ್ಯಕ್ಕೆ 'ಮಂಜರ್' ಎನ್ನುತ್ತೇವೆ, ಅದರ ಬಹುವಚನ 'ಮನಾಜಿರ್'. ಬಸರಾದಲ್ಲಿ ಸುಮಾರು ಕ್ರಿ.ಶ. 965ರಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಅವರು ಬೆಳಕಿನ ಬಗ್ಗೆ ಬರೆದ ಏಳು ಸಂಪುಟಗಳ ಗ್ರಂಥದ ಹೆಸರು 'ಕಿತಾಬುಲ್ ಮನಾಜಿರ್'. ಅದರ ನಾಲ್ಕು, ಐದು, ಆರನೆಯ ಸಂಪುಟಗಳು ಪ್ರತಿಫಲನ ಮತ್ತು ಕನ್ನಡಿಗಳಿಗೇ ಮೀಸಲು. ಬೆಳಕು ಕನ್ನಡಿಯ ಮೇಲೆ ಬಿದ್ದ ಕೋನದಲ್ಲಿಯೇ ಮರಳುತ್ತದೆ ಎಂಬುದು ಗ್ರೀಕರಿಗೂ ಗೊತ್ತಿತ್ತು. ಇಬ್ನುಲ್ ಹೈಸಮ್ ಅವರು ಅದನ್ನು ಉಪಕರಣ ಮಾಡಿ ಪರೀಕ್ಷಿಸಿದರು. ಚಪ್ಪಟೆ ಕನ್ನಡಿಯಷ್ಟೇ ಅಲ್ಲ, ಗೋಳ, ಸ್ತಂಭ, ಶಂಕುವಿನ ಆಕಾರದ ಕನ್ನಡಿಗಳನ್ನೂ ಬಿಡಲಿಲ್ಲ. ಲ್ಯಾಟಿನ್ ಭಾಷೆಗೆ ಹೋದ ಈ ಗ್ರಂಥ 1572ರಲ್ಲಿ ಯುರೋಪಿನಲ್ಲಿ ಮುದ್ರಣವಾಯಿತು.

ನಮ್ಮ ಸಭೆಗಳಲ್ಲಿ ಈ ಹೆಸರನ್ನು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಅವರು ಕೋನವನ್ನು ಅಳೆದು ನೋಡಿದರು ಎಂಬ ಮಾತು ಮಾತ್ರ ಭಾಷಣಗಳಲ್ಲಿ ಬಿಟ್ಟುಹೋಗುತ್ತದೆ. ಇನ್ನು ಕೆಲವರು ಹಿರಿಯರೆಲ್ಲ ಎಂದೋ ಕಂಡುಹಿಡಿದರು ಎಂದು ಸುಮ್ಮನಾಗುತ್ತಾರೆ. ಕನ್ನಡಿ ಒಂದರಿಂದಲೇ ಅಂಕಿ ಮೂಡುವುದಿಲ್ಲ. ಅದಕ್ಕೆ ಬೇಕಾದ ಇನ್ನೊಂದು ಪದಾರ್ಥ ಸಿಗಲು ಸುಮಾರು ಒಂಬತ್ತು ಶತಮಾನ ಹಿಡಿಯಿತು.

1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ರೈನಿಟ್ಜರ್ ಅವರು ಕೊಲೆಸ್ಟರಾಲಿನಿಂದ ತಯಾರಿಸಿದ ಒಂದು ವಸ್ತುವನ್ನು ಕಾಯಿಸುತ್ತಿದ್ದರು. ಅದು ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಮಬ್ಬು ದ್ರವವಾಯಿತು, ಸುಮಾರು 178 ಡಿಗ್ರಿಯಲ್ಲಿ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದು! ನೀರಿನಂತೆ ಹರಿದರೂ ಸ್ಫಟಿಕದಂತೆ ಅಣುಗಳು ಸಾಲುಗಟ್ಟಿ ನಿಲ್ಲುವ ಈ ಸ್ಥಿತಿಗೆ ದ್ರವ ಸ್ಫಟಿಕ ಎಂದು ಹೆಸರು ಬಂತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಹೈಲ್‌ಮೈಯರ್ ತಂಡ ಇದರಿಂದ ಪರದೆ ಮಾಡಿ ತೋರಿಸಿತು. 1970ರಲ್ಲಿ ಸ್ವಿಟ್ಜರ್‌ಲೆಂಡಿನ ಶಾಟ್ ಮತ್ತು ಹೆಲ್‌ಫ್ರಿಶ್ ಅವರು ಅಣುಗಳ ಸಾಲನ್ನು ತಿರುಚಿ ನಿಲ್ಲಿಸುವ ಉತ್ತಮ ವಿಧಾನ ಕಂಡುಕೊಂಡರು.

ಈ ವಿಧಾನವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಎರಡು ಗಾಜುಗಳ ನಡುವೆ ಕೂದಲಿಗಿಂತ ತೆಳುವಾದ ದ್ರವ ಸ್ಫಟಿಕದ ಪದರ. ಗಾಜುಗಳ ಹೊರಮೈಗೆ ಒಂದೊಂದು ಧ್ರುವೀಕರಣ ಹಾಳೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಜರಡಿ. ಎರಡೂ ಜರಡಿಗಳು ಪರಸ್ಪರ ಅಡ್ಡವಾಗಿರುತ್ತವೆ. ಎಲ್ಲಕ್ಕೂ ಹಿಂದೆ ಬೆಳ್ಳಿಬಣ್ಣದ ಕನ್ನಡಿ ಹಾಳೆ. ವಿದ್ಯುತ್ ಇಲ್ಲದಾಗ ಅಣುಗಳ ತಿರುಚಿದ ಸಾಲು ಬೆಳಕಿನ ಕಂಪನವನ್ನು 90 ಡಿಗ್ರಿ ತಿರುಗಿಸುತ್ತದೆ. ಬೆಳಕು ಎರಡನೆಯ ಜರಡಿಯನ್ನೂ ದಾಟಿ, ಕನ್ನಡಿಗೆ ಬಡಿದು, ಬಂದ ದಾರಿಯಲ್ಲಿಯೇ ಮರಳುತ್ತದೆ. ಅಂಕಿಯ ಜಾಗಕ್ಕೆ ವಿದ್ಯುತ್ ಕೊಟ್ಟಾಗ ಅಣುಗಳು ಎದ್ದು ನಿಲ್ಲುತ್ತವೆ, ತಿರುವು ಹೋಗುತ್ತದೆ. ಅಲ್ಲಿ ಬೆಳಕು ಹಿಂದಿನ ಜರಡಿಯಲ್ಲಿಯೇ ಇಂಗಿ ಅಂಕಿ ಕಪ್ಪಾಗುತ್ತದೆ. ಕನ್ನಡಿ ಮಾತ್ರ ತೀರ ನುಣುಪಾಗಿರುವುದಿಲ್ಲ. ನುಣುಪಾಗಿದ್ದರೆ ಲೆಕ್ಕದ ಬದಲು ನಮ್ಮ ಮುಖವೇ ಕಂಡೀತು!

ಈಗ ನಮ್ಮ ನಾಡಿಗೆ ಬರೋಣ. ಸರ್ ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ ಅವರು 1961ರಿಂದ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿದ್ದರು. ರೈನಿಟ್ಜರ್ ಕಂಡಂಥ ಕೊಲೆಸ್ಟರಾಲ್ ಜಾತಿಯ ದ್ರವ ಸ್ಫಟಿಕಗಳಲ್ಲಿ ಅಣುಗಳ ಸಾಲು ತಿರುಪಿನ ಮೊಳೆಯಂತೆ ಸುತ್ತಿರುತ್ತದೆ, ಸುತ್ತಿನ ಅಳತೆಗೆ ತಕ್ಕ ಒಂದು ಬಣ್ಣವನ್ನು ತಾನೇ ಪ್ರತಿಫಲಿಸುತ್ತದೆ. ದ್ರವವೇ ಕನ್ನಡಿಯಾಗುವ ಪ್ರಸಂಗವಿದು. ಇದರ ಗಣಿತವನ್ನು ಚಂದ್ರಶೇಖರ್ ಮತ್ತು ಶ್ರೀನಿವಾಸ ರಾವ್ ಅವರು 1968ರಲ್ಲಿ ಪ್ರಕಟಿಸಿದರು. ರಾಮನ್ ಅವರ ಇನ್ನೊಬ್ಬ ಸೋದರಳಿಯ ಎಸ್. ಪಂಚರತ್ನಂ ಅವರು 1955ರಲ್ಲಿಯೇ, ಇಪ್ಪತ್ತೊಂದರ ವಯಸ್ಸಿನ ಆಸುಪಾಸಿನಲ್ಲಿ, ಹಲವು ಬಣ್ಣಗಳಿಗೆ ಒಟ್ಟಿಗೆ ಹೊಂದುವ ಧ್ರುವೀಕರಣ ಫಲಕಗಳ ಜೋಡಣೆಯನ್ನು ಬರೆದಿಟ್ಟಿದ್ದರು. ಕನ್ನಡಿಯುಳ್ಳ ಬಣ್ಣದ ಪರದೆಗಳಲ್ಲಿ ಬೇಕಾಗುವುದು ಇಂಥ ಜೋಡಣೆಯೇ. ಅವರು 1969ರಲ್ಲಿ ತೀರಿಕೊಂಡರು. ಇಂಥವರ ಹೆಸರು ನಮ್ಮ ಮಕ್ಕಳ ಕಿವಿಗೆ ಬೀಳದಿರುವುದು ನನಗೆ ನೋವಿನ ಸಂಗತಿ.

ಚಂದ್ರಶೇಖರ್ ಅವರು 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು. ಅಲ್ಲಿಯವರೆಗೆ ತಿಳಿದಿದ್ದ ದ್ರವ ಸ್ಫಟಿಕಗಳ ಅಣುಗಳು ಕಡ್ಡಿಯ ಆಕಾರದವು. 1977ರಲ್ಲಿ ಅವರು, ಸದಾಶಿವ ಮತ್ತು ಸುರೇಶ್ ಸೇರಿ ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿದ ಜೋಳದ ರೊಟ್ಟಿಗಳನ್ನು ನೆನೆಯಿರಿ, ಆ ಅಣುಗಳು ನಿಲ್ಲುವುದು ಹಾಗೆಯೇ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಇಂಥ ಅಣುಗಳ ತೆಳುಹಾಳೆ ಮಾಡಿತು. ಓರೆಯಿಂದ ನೋಡಿದರೆ ಮಂಕಾಗುತ್ತಿದ್ದ ಕಂಪ್ಯೂಟರ್ ಪರದೆಗಳು ಅದರಿಂದ ಸ್ಪಷ್ಟವಾದವು. 1991ರಲ್ಲಿ ಜಾಲಹಳ್ಳಿಯ ಬಿಇಎಲ್ ಆವರಣದಲ್ಲಿ ಚಂದ್ರಶೇಖರ್ ಅವರು ದ್ರವ ಸ್ಫಟಿಕ ಸಂಶೋಧನಾ ಕೇಂದ್ರವನ್ನೂ ಆರಂಭಿಸಿದರು. ಅವರು ನಿಧನರಾದದ್ದು 2004ರಲ್ಲಿ.

ಇತ್ತ ಕನ್ನಡಿಯೂ ಸುಮ್ಮನಿರಲಿಲ್ಲ. ಶಾಲೆಗಳಲ್ಲಿ ಕಾಣುವ ಕೆಲವು ಪ್ರೊಜೆಕ್ಟರುಗಳಲ್ಲಿ ಬಣ್ಣ ಆರಿಸುವ ಕನ್ನಡಿಗಳು ಬಿಳಿ ಬೆಳಕನ್ನು ಕೆಂಪು, ಹಸಿರು, ನೀಲಿಯಾಗಿ ಬಿಡಿಸಿ ಮೂರು ದ್ರವ ಸ್ಫಟಿಕ ಫಲಕಗಳಿಗೆ ಕಳಿಸುತ್ತವೆ. ಇನ್ನು ಕೆಲವುಗಳಲ್ಲಿ ಸಿಲಿಕಾನ್ ತುಣುಕಿನ ಮೇಲೆಯೇ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಅಗಲದ ಲಕ್ಷಾಂತರ ಕನ್ನಡಿಗಳಿದ್ದು, ಅವುಗಳ ಮೇಲೆ ದ್ರವ ಸ್ಫಟಿಕ ಹರಡಿರುತ್ತದೆ. ಹೀಗೆ ಕನ್ನಡಿ ಗಾಜಿನ ಹಿಂದಿನಿಂದ ಒಳಗೆ ಬಂತು.

ಹಿಂದೆ ಇದ್ದುದರಿಂದ ಆದ ತೊಂದರೆ ಏನು? ಮನೆಯಲ್ಲಿಯೇ ನೋಡಬಹುದು. ಹಳೆಯ ಕ್ಯಾಲ್ಕುಲೇಟರನ್ನು ಬಿಸಿಲಿಗೆ ತಂದು ಎಲ್ಲ ಮನೆಗಳಲ್ಲೂ 8 ಒತ್ತಿರಿ, ನಂತರ ಓರೆಯಾಗಿ ಹಿಡಿಯಿರಿ. ಪ್ರತಿ ಅಂಕಿಯ ಪಕ್ಕದಲ್ಲಿ ಒಂದು ಮಸುಕು ನೆರಳು ಕಾಣುತ್ತದೆ. ಅಂಕಿಗೂ ಕನ್ನಡಿಗೂ ನಡುವಿನ ಗಾಜಿನ ದಪ್ಪವೇ ಆ ಅಂತರ. ಓರೆ ಹೆಚ್ಚಿಸಿದಷ್ಟೂ ನೆರಳು ದೂರ ಸರಿಯುತ್ತದೆ. ಎಷ್ಟು ಓರೆಗೆ ಎಷ್ಟು ದೂರ ಎಂದು ಕೋನಮಾಪಕ ಹಿಡಿದು ಬರೆದುಕೊಂಡು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿರಿ.